ಆಟ ಬಿಟ್ಟ ಮೇಲೆ ಕೋಚ್ ಆಗುವುದು: ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ವಾಸ್ಕೋದಲ್ಲಿ ನಾನು ಹುಡುಗರ ಫುಟ್‌ಬಾಲ್ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಹಿಂದೆ ಗೋವಾದ ಕೆಳಗಿನ ಡಿವಿಷನ್‌ಗಳಲ್ಲಿ ಮಿಡ್‌ಫೀಲ್ಡ್ ಆಡಿದವನು. ತಂಡದಲ್ಲಿ ಬೈನಾ, ಝುವಾರಿನಗರದ ಕನ್ನಡದ ಹುಡುಗರೇ ಜಾಸ್ತಿ. ಅವರ ಅಪ್ಪಂದಿರು, ಅಣ್ಣಂದಿರು, ಆಟ ನಿಲ್ಲಿಸಿ ಕೋಚಿಂಗ್‌ಗೆ ಇಳಿಯಬೇಕೆಂದಿರುವ ಗೆಳೆಯರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು.

ಚೆನ್ನಾಗಿ ಆಡಿದವನು ಚೆನ್ನಾಗಿ ಕೋಚ್ ಮಾಡುತ್ತಾನೆ, ಅಲ್ವಾ?

ಹಾಗೇನಿಲ್ಲ. ನಮ್ಮ ಊರಲ್ಲೇ ನೋಡಿದ್ದೇವಲ್ಲ, ಝೀಕೊ ಅವರನ್ನು. 1982ರ ಬ್ರೆಜಿಲ್ ತಂಡದ ಆ ಆಟಗಾರನಿಗಿಂತ ದೊಡ್ಡ ಹೆಸರು ಗೋವಾಕ್ಕೆ ಕೋಚ್ ಆಗಿ ಬಂದದ್ದಿಲ್ಲ. 2014ರಿಂದ 2016ರವರೆಗೆ ಎಫ್‌ಸಿ ಗೋವಾ ಅವರ ಕೈಯಲ್ಲಿತ್ತು. 2015ರಲ್ಲಿ ತಂಡ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ಗೆ ಹೋಗಿ ತನ್ನ ಅಂಗಳ ಫತೋರ್ಡಾದಲ್ಲೇ ಚೆನ್ನೈಯಿನ್ ಎದುರು 2-3ರಿಂದ ಸೋತಿತು. ಮರುವರ್ಷ ಅದೇ ಝೀಕೊ, ಅದೇ ಅಂಗಳ, ತಂಡ ಪಟ್ಟಿಯಲ್ಲಿ ಕೊನೆಯ ಸ್ಥಾನ. ಇನ್ನೊಂದು ಕಡೆ ಇಟಲಿಯ ಅರಿಗೊ ಸಾಕ್ಕಿ. ವೃತ್ತಿಪರ ಆಟಗಾರನೇ ಅಲ್ಲ, ಅಪ್ಪನ ಶೂ ವ್ಯಾಪಾರದಲ್ಲಿದ್ದವರು. ಅವರ ಮಿಲಾನ್ ತಂಡ 1989 ಮತ್ತು 1990ರಲ್ಲಿ ಸಾಲಾಗಿ ಯುರೋಪಿಯನ್ ಕಪ್ ಗೆದ್ದಿತು.

ಹಾಗಂತ ಆಡಿದ ಅನುಭವ ದಂಡ ಅಲ್ಲ. ಹಳೆ ಆಟಗಾರ ಬಂದು ನಿಂತರೆ ಹುಡುಗರು ತಾವಾಗಿ ಕಿವಿ ಕೊಡುತ್ತಾರೆ. ಆದರೆ ಆ ಮರ್ಯಾದೆ ಎರಡು ವಾರಕ್ಕೆ ಮುಗಿಯುತ್ತದೆ. ಆಮೇಲೆ ಅವರು ನೋಡುವುದು ಎರಡೇ: ಈತ ಹೇಳಿದ್ದು ಮೈದಾನದಲ್ಲಿ ಉಪಯೋಗಕ್ಕೆ ಬಂತಾ? ಎಲ್ಲರಿಗೂ ಒಂದೇ ನ್ಯಾಯವಾ?

ಇನ್ನೊಂದು ವಿಷಯ. ಆಟ ಸುಲಭವಾಗಿ ಒಲಿದವರಿಗೆ ಅದನ್ನು ಬಿಡಿಸಿ ಹೇಳುವುದು ಕಷ್ಟ. ಬಾಲ್ ಬರುವ ಮುಂಚೆ ಹಿಂದೆ ತಿರುಗಿ ನೋಡುವುದು ಅವರಿಗೆ ಉಸಿರಾಟದಷ್ಟು ಸಹಜ. ಅದನ್ನು ಇನ್ನೊಬ್ಬರಿಗೆ ಕಲಿಸಬೇಕು ಅಂತ ಹೊಳೆಯುವುದೇ ಇಲ್ಲ. ತಂಡದಲ್ಲಿ ಜಾಗಕ್ಕಾಗಿ ಒದ್ದಾಡಿದವರು, ಗಾಯದಿಂದ ಹೊರಗೆ ಕೂತು ಆಟ ನೋಡಿದವರು ಈ ಕೆಲಸಕ್ಕೆ ಬೇಗ ಹೊಂದಿಕೊಳ್ಳುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಈ ಕಡೆ ಆಡಿ, ಕೋಚ್ ಆಗಿ ಹೆಸರು ಮಾಡಿದವರು ಯಾರಿದ್ದಾರೆ?

ಬೇಕಾದಷ್ಟು ಜನ. ಅರ್ಮಾಂಡೊ ಕೊಲಾಸೊ ಗೋವಾದ ಡೆಂಪೊ ತಂಡಕ್ಕೆ ಐದು ಸಲ ದೇಶದ ಲೀಗ್ ಗೆದ್ದುಕೊಟ್ಟರು. ಕೊನೆಯದು 2011-12ರಲ್ಲಿ. ಸಾಲ್ಗಾಂವ್ಕರ್ ತಂಡದ ಡಿಫೆಂಡರ್ ಆಗಿದ್ದ ಡೆರಿಕ್ ಪಿರೇರಾ ಮುಂಬೈಯ ಮಹೀಂದ್ರಾ ಯುನೈಟೆಡ್‌ಗೆ 2005-06ರ ಲೀಗ್ ತಂದುಕೊಟ್ಟರು. ಆಮೇಲೆ ಪುಣೆ ಎಫ್‌ಸಿಯನ್ನು 2012-13ರ ಐ-ಲೀಗ್‌ನಲ್ಲಿ (ಆಗಿನ ದೇಶದ ಮುಖ್ಯ ಲೀಗ್) ಎರಡನೇ ಸ್ಥಾನಕ್ಕೆ ಒಯ್ದರು. ಇನ್ನೊಬ್ಬ ಸಾಲ್ಗಾಂವ್ಕರ್ ಆಟಗಾರ ಸಾವಿಯೊ ಮೆದೇರಾ ಭಾರತ ತಂಡದ ಕೋಚ್ ಆಗಿ ದಕ್ಷಿಣ ಏಷ್ಯಾ ದೇಶಗಳ 2011ರ ಸ್ಯಾಫ್ ಕಪ್ ಗೆದ್ದರು.

ಈಗಿನ ತಲೆಮಾರಿನಲ್ಲಿ ಕ್ಲಿಫರ್ಡ್ ಮಿರಾಂಡಾ. ಡೆಂಪೊದ ಎಡ ವಿಂಗರ್. 2020ರಲ್ಲಿ ಎಫ್‌ಸಿ ಗೋವಾ ಕೋಚ್ ಸೆರ್ಜಿಯೊ ಲೊಬೆರಾ ಅವರನ್ನು ಸೀಸನ್ ನಡುವೆಯೇ ಕಳಿಸಿತು. ಆಗ ತಂಡವನ್ನು ಹಿಡಿದು ಲೀಗ್ ಶೀಲ್ಡ್ (ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಕೊಡುವ ಪ್ರಶಸ್ತಿ) ತನಕ ಮುಟ್ಟಿಸಿದವರು ಕ್ಲಿಫರ್ಡ್ ಅವರೇ. 2023ರ ಏಪ್ರಿಲ್‌ನಲ್ಲಿ ಒಡಿಶಾ ಎಫ್‌ಸಿ ಜೊತೆ ಸೂಪರ್ ಕಪ್ ಗೆದ್ದರು. ಫೈನಲ್‌ನಲ್ಲಿ ಸೋತದ್ದು ಬೆಂಗಳೂರು ಎಫ್‌ಸಿ, 2-1. ನಮ್ಮ ಹುಡುಗರಲ್ಲಿ ಅರ್ಧ ಜನ ಅವತ್ತು ಬೆಂಗಳೂರು ಕಡೆ, ಇನ್ನರ್ಧ ಕ್ಲಿಫರ್ಡ್ ಕಡೆ!

ಎರಡು ಸಲವೂ ಕ್ಲಿಫರ್ಡ್ ಸೀಸನ್‌ನ ಕೊನೆಯ ಭಾಗದಲ್ಲಿ, ಬೇರೆಯವರು ಕಟ್ಟಿದ ತಂಡವನ್ನು ವಹಿಸಿಕೊಂಡವರು. ಎಲ್ಲವನ್ನೂ ಬದಲಿಸುವ ಆಸೆ ಎಂಥವರಿಗೂ ಬರುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ಅದಕ್ಕೆ ಕೈ ಹಾಕಿದ್ದರೆ ಕಪ್ ಬರುತ್ತಿರಲಿಲ್ಲ ಅನ್ನಿಸುತ್ತದೆ ನನಗೆ.

ಖಾಲಿದ್ ಜಮೀಲ್ ಕಥೆಯನ್ನು ಎಲ್ಲರೂ ಯಾಕೆ ಅಷ್ಟೊಂದು ಹೇಳುತ್ತಾರೆ?

ಹೇಳುವಂಥದ್ದೇ ಆಗಿದೆ. ಕುವೈತ್‌ನಲ್ಲಿ ಹುಟ್ಟಿ, ಮುಂಬೈಯಲ್ಲಿ ಮಹೀಂದ್ರಾ, ಏರ್ ಇಂಡಿಯಾ, ಮುಂಬೈ ಎಫ್‌ಸಿ ಪರ ಆಡಿದವರು. ಭಾರತಕ್ಕೂ ಆಡಿದರು. ಆದರೆ ಗಾಯಗಳು ಅವರನ್ನು ಬಿಡಲಿಲ್ಲ. 2009ರಲ್ಲಿ ಮುಂಬೈ ಎಫ್‌ಸಿ ಕೋಚ್ ಆದರು. ದೊಡ್ಡ ದುಡ್ಡಿಲ್ಲದ ಕ್ಲಬ್, ಪ್ರತಿ ವರ್ಷ ಲೀಗ್‌ನಲ್ಲಿ ಉಳಿದುಕೊಂಡರೆ ಸಾಕು ಅನ್ನುವ ಪರಿಸ್ಥಿತಿ. ಏಳು ವರ್ಷ ಉಳಿಸಿದರು. 2016ರಲ್ಲಿ ಕ್ಲಬ್ ಅವರನ್ನು ಬಿಟ್ಟಿತು.

ಅದೇ ವರ್ಷ ನಮ್ಮ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಮೂರೂ ಐ-ಲೀಗ್‌ನಿಂದ ಹೊರಬಂದವು. ಗೋವಾದವರಿಗೆ ಈಗಲೂ ಹೊಟ್ಟೆ ಉರಿಸುವ ಸಂಗತಿ ಅದು. ಆ ಖಾಲಿ ಜಾಗದಿಂದಾಗಿಯೇ, ಲೀಗ್‌ನಿಂದ ಕೆಳಗೆ ಬಿದ್ದಿದ್ದ ಮಿಜೋರಾಂನ ಐಜಾಲ್ ಎಫ್‌ಸಿಗೆ ಮತ್ತೆ ಪ್ರವೇಶ ಸಿಕ್ಕಿತು. ಐಜಾಲ್ ಖಾಲಿದ್ ಅವರನ್ನು ಕರೆಯಿತು. ಅವರು ಮುಂಬೈಯಿಂದ ಜಯೇಶ್ ರಾಣೆ, ಅಶುತೋಷ್ ಮೆಹ್ತಾ ಅವರನ್ನು ಜೊತೆಗೆ ಒಯ್ದರು. ನಡುವೆ ಸಿರಿಯಾದ ಮಹಮೂದ್ ಅಲ್ ಅಮ್ನಾ, ಲೈಬೀರಿಯಾದ ಆಲ್ಫ್ರೆಡ್ ಜರ್ಯಾನ್. ಉಳಿದವರಲ್ಲಿ ಹೆಚ್ಚಿನವರು ಮಿಜೋ ಹುಡುಗರು.

ಏಪ್ರಿಲ್ ಕೊನೆಗೆ ಮನೆಯಂಗಳದಲ್ಲಿ ಮೋಹನ್ ಬಾಗಾನ್ ಅನ್ನು 1-0ಯಿಂದ ಸೋಲಿಸಿದರು. 2017ರ ಏಪ್ರಿಲ್ 30ರಂದು ಶಿಲಾಂಗ್‌ನಲ್ಲಿ ಒಂದು ಡ್ರಾ ಸಾಕಿತ್ತು. ಮೊದಲು ಗೋಲು ಬಿಟ್ಟುಕೊಟ್ಟರು. ಎರಡನೇ ಅರ್ಧದಲ್ಲಿ ಲಾಲ್‌ನುನ್‌ಫೆಲಾ ಸಮ ಮಾಡಿದರು. 1-1. ಐಜಾಲ್ 37 ಅಂಕ, ಬಾಗಾನ್ 36. ಈಶಾನ್ಯದ ಕ್ಲಬ್ ಒಂದು ದೇಶದ ಲೀಗ್ ಗೆದ್ದದ್ದು ಅದೇ ಮೊದಲು.

ಇದನ್ನು ಬರೀ ಛಲದ ಕಥೆಯಾಗಿ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಯಾರನ್ನು ಕರೆದೊಯ್ದರು ನೋಡಿ. ತಮ್ಮ ಕೈಕೆಳಗೆ ಆಡಿದ್ದವರನ್ನು, ಇನ್ನೂ ತೋರಿಸಬೇಕಾದ್ದು ಬಾಕಿ ಇದ್ದವರನ್ನು. ಆಟಗಾರರನ್ನು ಹುರಿದುಂಬಿಸುವ ಕೆಲಸದ ದೊಡ್ಡ ಪಾಲು ಆಯ್ಕೆಯಲ್ಲೇ ಮುಗಿದಿತ್ತು. ಖಾಲಿದ್ ಮುಂದೆ ನಾರ್ತ್ ಈಸ್ಟ್ ಯುನೈಟೆಡ್‌ಗೆ ಹೋಗಿ, 2021ರಲ್ಲಿ ಐಎಸ್‌ಎಲ್ ಕ್ಲಬ್ ಒಂದರ ಮೊದಲ ಪೂರ್ಣಾವಧಿ ಭಾರತೀಯ ಮುಖ್ಯ ಕೋಚ್ ಆದರು. 2025ರ ಆಗಸ್ಟ್‌ನಲ್ಲಿ ಭಾರತ ತಂಡ ಸಿಕ್ಕಿತು.

ಕೋಚ್, ಮ್ಯಾನೇಜರ್, ಟೆಕ್ನಿಕಲ್ ಡೈರೆಕ್ಟರ್: ಯಾರ ಕೆಲಸ ಏನು?

ನಮ್ಮಲ್ಲಿ ಮ್ಯಾನೇಜರ್ ಅಂದರೆ ನೋಂದಣಿ ಕಾರ್ಡು, ಬಸ್ಸು, ಊಟ, ಜರ್ಸಿ ನೋಡುವವರು. ಆಟ ಕೋಚ್‌ದು. ಇಂಗ್ಲೆಂಡಿನಲ್ಲಿ ಮ್ಯಾನೇಜರ್ ಅಂದರೆ ಇಬ್ಬರೂ ಸೇರಿ ಒಬ್ಬರೇ, ಮೇಲಾಗಿ ಆಟಗಾರರನ್ನು ಕೊಳ್ಳುವುದರಲ್ಲೂ ಮಾತು ನಡೆಯುತ್ತದೆ. ಟೆಕ್ನಿಕಲ್ ಡೈರೆಕ್ಟರ್ ಇಡೀ ಕ್ಲಬ್‌ನ ಆಟದ ರೀತಿ, ಕಿರಿಯರ ತಂಡಗಳನ್ನು ನೋಡಿಕೊಳ್ಳುತ್ತಾರೆ. ಸಣ್ಣ ಕ್ಲಬ್‌ಗಳಲ್ಲಿ ಕೋಚ್ ಒಬ್ಬನೇ ಇದಿಷ್ಟನ್ನೂ ಮಾಡಿ, ಬಾಲ್‌ಗೆ ಗಾಳಿಯನ್ನೂ ಹೊಡೆಯುತ್ತಾನೆ.

ಲೈಸೆನ್ಸ್ ಬೇಕೇ ಬೇಕಾ? ಇಷ್ಟು ವರ್ಷ ಆಡಿದ್ದೀನಲ್ಲ.

ಬೇಕು. ಭಾರತದಲ್ಲಿ ಡಿ ಲೈಸೆನ್ಸ್‌ನಿಂದ ಶುರು. ಆಮೇಲೆ ಸಿ, ಬಿ, ಎ, ಎಲ್ಲಕ್ಕಿಂತ ಮೇಲೆ ಏಷ್ಯಾ ಒಕ್ಕೂಟದ ಪ್ರೊ. ಐಎಸ್‌ಎಲ್‌ನಲ್ಲಿ ಮುಖ್ಯ ಕೋಚ್ ಆಗಲು ಪ್ರೊ ಅಥವಾ ಅದಕ್ಕೆ ಸಮನಾದದ್ದು ಬೇಕು. ಡಿ ಕೋರ್ಸ್‌ಗಳನ್ನು ರಾಜ್ಯ ಸಂಸ್ಥೆಗಳು ನಡೆಸುತ್ತವೆ, ಗೋವಾದಲ್ಲಾದರೆ ಗೋವಾ ಫುಟ್‌ಬಾಲ್ ಅಸೋಸಿಯೇಷನ್. ಶುಲ್ಕ, ದಿನಾಂಕ ಆಗಾಗ ಬದಲಾಗುತ್ತವೆ, ಕಚೇರಿಯಲ್ಲೇ ಕೇಳಿಕೊಳ್ಳಿ.

ಹಳೆ ಆಟಗಾರರು ಕೋರ್ಸ್‌ನಲ್ಲಿ ಎಡವುವುದು ಒಂದೇ ಕಡೆ. ಬೋಧಕರು ನಿಮಗೊಂದು ವಿಷಯ ಕೊಡುತ್ತಾರೆ, ಉದಾಹರಣೆಗೆ ಹಿಂದಿನಿಂದ ಆಟ ಕಟ್ಟುವುದು, ಅಂದರೆ ನಮ್ಮ ಗೋಲ್ ಕಡೆಯಿಂದ ಪಾಸ್ ಮಾಡುತ್ತ ಮುಂದೆ ಬರುವುದು. ನೀವು ಸೆಷನ್ ಬರೆದು, ಕೋನ್ ಜೋಡಿಸಿ, ಜೊತೆಗೆ ಬಂದ ಕೋಚ್‌ಗಳನ್ನೇ ಆಟಗಾರರನ್ನಾಗಿ ನಿಲ್ಲಿಸಿ ನಡೆಸಬೇಕು. ತಪ್ಪು ಕಂಡಾಗ 'ಸ್ಟಾಪ್' ಎಂದು ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಯಾರು ಎಲ್ಲಿರಬೇಕಿತ್ತು ಎಂದು ತೋರಿಸಬೇಕು. ಆಗ ತಾನೇ ಹೋಗಿ ಬಾಲ್ ಒದ್ದು ತೋರಿಸುವವರೇ ಜಾಸ್ತಿ. ಬೋಧಕರು ನೋಡುತ್ತಿರುವುದು ನಿಮ್ಮ ಕಾಲನ್ನಲ್ಲ.

ಮ್ಯಾಚ್‌ಗೆ ಮುಂಚೆ ಜೋರಾದ ಭಾಷಣ ಕೊಟ್ಟರೆ ಹುಡುಗರಿಗೆ ರೋಷ ಬರುತ್ತಾ?

ಇದಕ್ಕೆ ಎಲ್ಲರೂ ಪಿ. ಕೆ. ಬ್ಯಾನರ್ಜಿ ಹೆಸರು ಹೇಳುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕ, ಫ್ರಾನ್ಸ್ ಮೇಲೆ ಗೋಲು ಹೊಡೆದವರು. 70ರ ದಶಕದಲ್ಲಿ ಕೋಲ್ಕತ್ತಾದಲ್ಲಿ ಕೋಚ್ ಆಗಿ ಅವರ ಮಾತಿಗೆ 'ವೋಕಲ್ ಟಾನಿಕ್' ಎಂದೇ ಹೆಸರು ಬಿದ್ದಿತು. 1975ರಲ್ಲಿ ಅಲ್ಲಿನ ಐಎಫ್‌ಎ ಶೀಲ್ಡ್ ಟೂರ್ನಿಯ ಫೈನಲ್‌ನಲ್ಲಿ ಅವರ ಈಸ್ಟ್ ಬೆಂಗಾಲ್ ಮೋಹನ್ ಬಾಗಾನ್ ಅನ್ನು 5-0ಯಿಂದ ಹೊಡೆಯಿತು. ಎರಡು ವರ್ಷ ಬಿಟ್ಟು ಅದೇ ಬಾಗಾನ್‌ಗೆ ಕೋಚ್ ಆಗಿ, ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಇದ್ದ ನ್ಯೂಯಾರ್ಕ್‌ನ ಕಾಸ್ಮಾಸ್ ತಂಡವನ್ನು 2-2ಕ್ಕೆ ನಿಲ್ಲಿಸಿದರು.

ಟಾನಿಕ್ ಅಂತ ಸುಮ್ನೆ ಎಲ್ಲರಿಗೂ ಒಂದೇ ಬಾಟಲಿಯಿಂದ ಕುಡಿಸಿದರೆ ಕೆಲಸ ಮಾಡುವುದಿಲ್ಲ. ಮಾತು ತಾಗಬೇಕಾದರೆ ಕೋಚ್‌ಗೆ ಆಟಗಾರ ಒಬ್ಬೊಬ್ಬನೂ ಗೊತ್ತಿರಬೇಕು. ವಾರವಿಡೀ ತಯಾರಿ ಇಲ್ಲದೆ, ಭಾನುವಾರ ಬೆಳಿಗ್ಗೆ ಎದೆ ತಟ್ಟಿಕೊಂಡು ಕೂಗಿದರೆ ಅದರ ಕಾವು ಮೊದಲ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲೇ ಒಬ್ಬ ಹಳದಿ ಕಾರ್ಡ್ ತಗೊಂಡಿರುತ್ತಾನೆ.

ನಾನು ಮಾಡುವುದು ಇಷ್ಟೇ. ಎಲ್ಲರೂ ಸ್ಟಡ್ಸ್ ಕಟ್ಟಿಕೊಳ್ಳುವ ಹೊತ್ತಿಗೆ ಒಬ್ಬೊಬ್ಬರ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೇ ಒಂದು ಕೆಲಸ ಹೇಳುತ್ತೇನೆ. ನಮ್ಮ ರೈಟ್ ಬ್ಯಾಕ್ ಹುಡುಗ ಬಾಗಲಕೋಟೆ ಕಡೆಯವನು, ಹೆದರಿಕೆ ಸ್ವಭಾವ. "ನೋಡಪಾ, ಆ ವಿಂಗರ್ ಎಡಗಾಲಿನವ. ಲೈನ್ ಕಡೆ ಬಿಡಬ್ಯಾಡ, ಒಳಗ ತಿರುಗಸು. ಬಲಗಾಲಲ್ಲಿ ಅವ ಏನೂ ಮಾಡಂಗಿಲ್ಲ." "ಅಷ್ಟ ಏನ್ರಿ ಸರ್?" "ಅಷ್ಟ." ಮುಖದ ಬಿಗಿ ಅಲ್ಲೇ ಸಡಿಲವಾಗುತ್ತದೆ. ಹೆದರಿದ ಹುಡುಗನಿಗೆ 'ಹೆದರಬೇಡ' ಅಂದರೆ ಪ್ರಯೋಜನವಿಲ್ಲ. ಮಾಡಲಿಕ್ಕೆ ಆಗುವ ಒಂದು ಕೆಲಸ ಕೊಟ್ಟರೆ ಹೆದರಿಕೊಳ್ಳಲು ಪುರುಸೊತ್ತು ಇರುವುದಿಲ್ಲ.

ಹಾಫ್ ಟೈಮ್‌ನಲ್ಲಿ ಏನು ಹೇಳಬೇಕು?

ನಿಯಮದ ಪ್ರಕಾರ ಹೆಚ್ಚೆಂದರೆ 15 ನಿಮಿಷ. ಅದರಲ್ಲಿ ಮೊದಲ ಮೂರ್ನಾಲ್ಕು ನಿಮಿಷ ನೀರು, ಉಸಿರು, ಪರಸ್ಪರ ಬೈಗುಳ. ಆಗ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ. ಆ ಹೊತ್ತಿನಲ್ಲಿ ನಾನು ಬೋರ್ಡ್ ಮೇಲೆ ಮ್ಯಾಗ್ನೆಟ್ ಜೋಡಿಸುತ್ತಿರುತ್ತೇನೆ. ಆಮೇಲೆ ಎರಡು ಮಾತು, ಮೂರನೆಯದು ಬೇಡ.

2005ರ ಚಾಂಪಿಯನ್ಸ್ ಲೀಗ್‌ನ ಇಸ್ತಾಂಬುಲ್ ಫೈನಲ್ ನೆನಪಿದೆಯಾ? ಅರ್ಧ ಹೊತ್ತಿಗೆ ಮಿಲಾನ್ ಎದುರು ಲಿವರ್‌ಪೂಲ್ 0-3. ಆಮೇಲೆ 3-3 ಮಾಡಿ ಪೆನಾಲ್ಟಿಯಲ್ಲಿ ಗೆದ್ದರು. ಆ ಡ್ರೆಸ್ಸಿಂಗ್ ರೂಮಿನ ಮಾತಿನ ಬಗ್ಗೆ ಎಷ್ಟೋ ಕಥೆಗಳಿವೆ. ಆದರೆ ಲಿವರ್‌ಪೂಲ್ ಕೋಚ್ ಬೆನಿಟೆಜ್ ಡಿಫೆಂಡರ್ ಫಿನ್ನನ್‌ನನ್ನು ತೆಗೆದು ಮಿಡ್‌ಫೀಲ್ಡರ್ ಹಮಾನ್‌ನನ್ನು ಇಳಿಸಿ, ಹಿಂದೆ ಮೂವರನ್ನು ನಿಲ್ಲಿಸಿದರು. ಅಲ್ಲಿಯವರೆಗೆ ಮಿಲಾನ್‌ನ ಕಾಕಾ ನಡುವೆ ಆರಾಮಾಗಿ ಓಡಾಡುತ್ತಿದ್ದ, ಆ ದಾರಿ ಮುಚ್ಚಿತು. ಕೋಚ್ ಕಷ್ಟ ಎಲ್ಲಿದೆ ಎಂದು ಕಂಡುಹಿಡಿದಿದ್ದಾನೆ ಅಂತ ಗೊತ್ತಾದರೆ ಆಟಗಾರರಿಗೆ ಧೈರ್ಯ ತಾನಾಗಿ ಬರುತ್ತದೆ.

ಬೈದರೆ ಸರಿಹೋಗುತ್ತಾರಾ?

ಕೆಲವರು ಸರಿಹೋಗುತ್ತಾರೆ, ಕೆಲವರು ಬಾಲ್ ಕೇಳುವುದನ್ನೇ ನಿಲ್ಲಿಸುತ್ತಾರೆ. ಓಡದೆ ನಿಂತದ್ದಕ್ಕೆ ಬೈಯಬಹುದು, ಪಾಸ್ ತಪ್ಪಿದ್ದಕ್ಕೆ ಬೈಯಬಾರದು. ತಂಡದ ಎಲ್ಲರಿಗಿಂತ ಚೆನ್ನಾಗಿ ಆಡುವವನಿಗೂ ಒಮ್ಮೆ ಬೈದಿರಬೇಕು. ಇಲ್ಲದಿದ್ದರೆ ಉಳಿದವರು ನಿಮ್ಮ ಬೈಗುಳಕ್ಕೆ ಬೆಲೆ ಕೊಡುವುದಿಲ್ಲ.

ಬೆಂಚ್ ಮೇಲೆ ಕೂತವರನ್ನು ಹೇಗೆ ಹಿಡಿದಿಟ್ಟುಕೊಳ್ಳುವುದು?

ಯಾರೂ ಮೊದಲು ಕೇಳದ, ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಆಡುವ ಹನ್ನೊಂದು ಜನರಿಗೆ ಆಟವೇ ಉತ್ಸಾಹ ಕೊಡುತ್ತದೆ. ಕೋಚ್ ಬೇಕಾಗಿರುವುದು ಉಳಿದವರಿಗೆ. ತಂಡ ಒಡೆಯುವುದೂ ಅಲ್ಲಿಂದಲೇ. ಒಬ್ಬ ಮುನಿಸಿಕೊಂಡರೆ ಸೋಮವಾರ ಪ್ರಾಕ್ಟೀಸ್‌ಗೆ ಇಬ್ಬರು ಕಮ್ಮಿ, ಯಾಕೆಂದರೆ ಅವನ ಬೈಕ್ ಹಿಂದೆ ಕೂತು ಬರುವವನೂ ಬರುವುದಿಲ್ಲ.

ನಮ್ಮ ಸ್ಟ್ರೈಕರ್ ಒಬ್ಬನನ್ನು ಟೂರ್ನಿ ಮಧ್ಯೆ ಕೂರಿಸಿದ್ದೆ. ಸಂಜೆ ಕೋನ್ ಎತ್ತಿಡುವಾಗ ಬಂದು ನಿಂತ.

"ಸರ್, ನಾ ಏನ್ ತಪ್ಪ ಮಾಡೀನ್ರಿ?"

"ತಪ್ಪಲ್ಲಪಾ. ಬಾಲ್ ಹೋದ ಮ್ಯಾಲ ನೀ ನಿಂತಬಿಡ್ತಿ. ಅವರ ಸೆಂಟರ್ ಬ್ಯಾಕ್ ಆರಾಮ ತಲಿ ಎತ್ತಿ ಪಾಸ್ ಕೊಡ್ತಾನ."

"ಓಡಿದ್ರ ಆಡಸ್ತೀರಿ?"

"ಬುಧವಾರ, ಶುಕ್ರವಾರ ಓಡಿ ತೋರಸು. ಆಮ್ಯಾಲ ನೀನ ನನ್ನ ಕೇಳು."

ಶುಕ್ರವಾರ ಅವನು ಕೇಳಲೇ ಇಲ್ಲ, ಸುಮ್ಮನೆ ನನ್ನ ಮುಖ ನೋಡಿದ. ಭಾನುವಾರ ಆಡಿಸಿದೆ. ಆಡಿಸದಿದ್ದರೆ ನನ್ನ ಮಾತಿಗೆ ಆ ತಂಡದಲ್ಲಿ ಮುಂದೆ ಕಿಮ್ಮತ್ತೇ ಇರುತ್ತಿರಲಿಲ್ಲ.

ಹೊರಗಿಡುವ ವಿಷಯವನ್ನು ಪಟ್ಟಿ ವಾಟ್ಸಾಪ್ ಗ್ರೂಪಿಗೆ ಬೀಳುವ ಮುಂಚೆ ಅವನಿಗೇ ಹೇಳಬೇಕು. ಕಾರಣ ಒಂದೇ ಇರಬೇಕು, ಅವನ ಕೈಲಿ ತಿದ್ದಿಕೊಳ್ಳಲು ಆಗುವಂಥದ್ದಿರಬೇಕು. 'ಇನ್ನೂ ಇಂಪ್ರೂವ್ ಆಗಬೇಕು' ಅನ್ನುವುದು ಕಾರಣವಲ್ಲ, ನುಣುಚಿಕೊಳ್ಳುವುದು. ಕೊನೆ ಎರಡು ನಿಮಿಷಕ್ಕೆ ಇಳಿಸುವ ಸಬ್‌ಗೂ ಏನು ಮಾಡಬೇಕೆಂದು ಹೇಳಿಯೇ ಇಳಿಸಿ.

ಹುಡುಗರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತೀರಿ?

ಮೈದಾನದ ಒಳಗೆ ಹಿಂದಿ, ಕೊಂಕಣಿ, ಇಂಗ್ಲಿಷ್ ಎಲ್ಲ ಕಲಸಿ. 'ಮ್ಯಾನ್ ಆನ್' (ಎದುರಾಳಿ ಮೈಮೇಲೆ ಬರುತ್ತಿದ್ದಾನೆ), 'ಟೈಮ್' (ಅವಸರ ಬೇಡ), 'ಲೈನ್' (ಗೆರೆಯ ಗುಂಟ ಬಾಲ್ ಕೊಡು) ಇಷ್ಟು ಎಲ್ಲರಿಗೂ ಒಂದೇ. ಒಬ್ಬನನ್ನೇ ಪಕ್ಕಕ್ಕೆ ಕರೆದು ಮಾತಾಡುವಾಗ ಮಾತ್ರ ಅವನ ಮನೆಯ ಭಾಷೆ. ಆದರೆ ಕನ್ನಡದವರ ಜೊತೆ ಎಲ್ಲರೆದುರು ಕನ್ನಡದಲ್ಲಿ ಗುಸುಗುಸು ಮಾಡಿದರೆ ಕೊಂಕಣಿ ಹುಡುಗರಿಗೆ ಅನುಮಾನ ಶುರುವಾಗುತ್ತದೆ. ತಂಡದ ವಿಷಯ ಎಲ್ಲರಿಗೂ ತಿಳಿಯುವ ಭಾಷೆಯಲ್ಲೇ ಆಗಬೇಕು.

ಸಾಲಾಗಿ ಸೋತರೆ ಏನು ಮಾಡುವುದು?

2025ರ ಅಕ್ಟೋಬರ್ 14ರಂದು ಫತೋರ್ಡಾದಲ್ಲಿ ಭಾರತ ಸಿಂಗಾಪುರದ ಎದುರು ಆಡಿತು. ಛಾಂಗ್ಟೆ ಗೋಲಿನಿಂದ ಮುಂದಿದ್ದು, ಕೊನೆಗೆ 1-2ರಿಂದ ಸೋತು ಏಷ್ಯನ್ ಕಪ್‌ಗೆ ಹೋಗುವ ಅವಕಾಶ ಕೈತಪ್ಪಿತು. ಅದಕ್ಕೆ ಐದೇ ವಾರ ಮುಂಚೆ ಇದೇ ಖಾಲಿದ್ ಅವರ ತಂಡ ಮಧ್ಯ ಏಷ್ಯಾ ಒಕ್ಕೂಟದ ಕಾಫಾ ಕಪ್‌ನಲ್ಲಿ ಒಮಾನ್ ಅನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ಪಡೆದಿತ್ತು. ಅದೇ ಕೋಚ್, ಬಹುಪಾಲು ಅದೇ ವಿಚಾರ. ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ಒಪ್ಪಿಕೊಂಡು ಬರಬೇಕು.

ಸೋತ ಮರುದಿನದ ಪ್ರಾಕ್ಟೀಸ್‌ನಲ್ಲಿ ಶಿಕ್ಷೆಯ ಓಟ ಬೇಡ. ಗೋಲು ಬಿಟ್ಟುಕೊಟ್ಟದ್ದು ಎಲ್ಲಿ ಎಂದು ನೋಡಿ, ಅದೊಂದನ್ನೇ ಅಭ್ಯಾಸ ಮಾಡಿಸಿ. ಕೊನೆಗೆ ಅವರಿಗಿಷ್ಟವಾದ ಸಣ್ಣ ಮೈದಾನದ ಆಟ. ಸೋಲಿನ ಕಾರಣ ಹೊರಗಿನವರು ಕೇಳಿದರೆ ಆಟಗಾರನ ಹೆಸರು ನಿಮ್ಮ ಬಾಯಲ್ಲಿ ಬರಕೂಡದು.

ಹೆಣ್ಣುಮಕ್ಕಳಿಗೆ ಈ ದಾರಿ ಇದೆಯಾ?

ಇದೆ. ಗೋವಾದ ಮೇಮೋಲ್ ರಾಕಿ ಭಾರತಕ್ಕೆ ಆಡಿ, 2017ರಿಂದ 2021ರವರೆಗೆ ಭಾರತ ಮಹಿಳಾ ತಂಡದ ಮುಖ್ಯ ಕೋಚ್ ಆಗಿದ್ದವರು. ನಮ್ಮ ಕನ್ನಡದ ಮನೆಗಳಲ್ಲಿ ಹುಡುಗಿಯನ್ನು ಮೈದಾನಕ್ಕೆ ಕಳಿಸುವುದಕ್ಕೇ ಇನ್ನೂ ತಕರಾರು. ಅಮ್ಮಂದಿರು ಒಪ್ಪುತ್ತಾರೆ, ಅಡ್ಡ ಹಾಕುವುದು ಚಿಕ್ಕಪ್ಪ ದೊಡ್ಡಪ್ಪಂದಿರು.

ಕರ್ನಾಟಕದವರಿಗೂ ಈ ಕಡೆಯ ಫುಟ್‌ಬಾಲ್‌ಗೂ ಹಳೆ ನಂಟು ಏನಾದರೂ ಇದೆಯಾ?

ಮುಂಬೈಯ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ದಶಕಗಟ್ಟಲೆ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದವು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದ ಎಸ್. ರಾಮನ್ ಕೂಡ ಬೆಂಗಳೂರಿನವರೇ. 'ನಮ್ಮವರದು ಕಬಡ್ಡಿ, ಫುಟ್‌ಬಾಲ್ ಗೋವಾದವರ ಆಟ' ಅನ್ನುವ ಅಪ್ಪಂದಿರಿಗೆ ಇದನ್ನು ಹೇಳುತ್ತೇನೆ.

ಇದರಲ್ಲಿ ಹೊಟ್ಟೆ ತುಂಬುತ್ತಾ?

ಮೊದಲ ಕೆಲವು ವರ್ಷ ಇಲ್ಲ. ಇಲ್ಲಿ ಬಹಳ ಜನ ಶಾಲೆಯಲ್ಲಿ ಪಿಟಿ ಮಾಸ್ತರಿಕೆ, ಸಂಜೆ ಕ್ಲಬ್, ವಾರಾಂತ್ಯ ಅಕಾಡೆಮಿ ಅಂತ ಮೂರು ಕಡೆ ದುಡಿಯುತ್ತಾರೆ. ಏನೇ ಆಗಲಿ, ಒಪ್ಪಂದ ಕಾಗದದಲ್ಲಿರಲಿ. ಒಂದು ಕ್ಲಬ್ ನನಗೆ ಸೀಸನ್ ಮುಗಿದ ಮೇಲೆ ಕೊಡುತ್ತೇವೆ ಎಂದಿದ್ದ ಹಣವನ್ನು ಇನ್ನೂ ಕೊಟ್ಟಿಲ್ಲ. ಕೇಳಿದಾಗಲೆಲ್ಲ ಚಹಾ ಕುಡಿಸಿ ಕಳಿಸುತ್ತಾರೆ.

ಸರಿ, ಎಲ್ಲಿಂದ ಶುರು ಮಾಡಲಿ?

ದೊಡ್ಡವರ ತಂಡ ಹುಡುಕಬೇಡಿ. ನಿಮ್ಮ ವಾಡೆಯ (ಕೇರಿಯ) ಹತ್ತು ವರ್ಷದ ಮಕ್ಕಳನ್ನು ಹಿಡಿದುಕೊಳ್ಳಿ. ಬೇಸರವಾದರೆ ಅವರು ಮುಖಕ್ಕೇ ತೋರಿಸುತ್ತಾರೆ, ಸೆಷನ್ ಚೆನ್ನಾಗಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಮಾಡಿಸಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಡಿ ಕೋರ್ಸ್‌ಗೆ ಹೋಗುವಾಗ ಅದೂ ಜೊತೆಗಿರಲಿ. ಮಳೆಗಾಲದಲ್ಲಿ ಮೈದಾನ ಸಿಗುವುದಿಲ್ಲ, ಜೂನ್‌ಗೆ ಮುಂಚೆಯೇ ಯಾವುದಾದರೂ ಶಾಲೆಯ ಶೆಡ್ ಕೇಳಿಟ್ಟುಕೊಳ್ಳಿ.